ಮುಂಗಡ ಪಡೆದ ಮೇಲೆ ನನ್ನ ಗಂಡ ಯಾರ ಹೊಣೆ?

ಕಮಲಾಪುರ, ಜೂನ್ 2023

ಜೀವವಿಮಾ ಕಂಪನಿಯ ಕಲಬುರಗಿ ಶಾಖೆಯ ವ್ಯವಸ್ಥಾಪಕರಿಗೆ,

ಮಾನ್ಯರೇ, ನನ್ನ ಗಂಡ ಬದುಕಿದ್ದಾರೆ. ನಿಮಗೂ ನೆಮ್ಮದಿಯಾದೀತೆಂದು ಮೊದಲೇ ತಿಳಿಸುತ್ತಿದ್ದೇನೆ. ನನ್ನ ತಕರಾರು ಇಷ್ಟೇ: ಪಾಲಿಸಿಗೆ ಅರ್ಜಿ ಹಾಕಿ, ಮೊದಲ ಕಂತು ಕಟ್ಟಿ, ಸೇಡಂ ರಸ್ತೆಯ ಲ್ಯಾಬಿನಲ್ಲಿ ಕೇಳಿದಷ್ಟು ರಕ್ತ ಕೊಟ್ಟು ಬಂದ ಮೇಲೂ ಅವರಿಗೆ ವಿಮೆ ಶುರುವಾಗಿಲ್ಲವಂತೆ. ಹಾಗಾದರೆ ಶುರುವಾಗುವುದು ಯಾವಾಗ?

ಕಳೆದ ವಾರ ನಮ್ಮ ಮನೆಯವರು ಕೆಂಪು ಬಾಳೆಗೊನೆಗಳನ್ನು ಕಲಬುರಗಿಗೆ ಒಯ್ಯುವಾಗ ಟೆಂಪೊ ರಸ್ತೆ ಬದಿಯ ತಗ್ಗಿಗೆ ಉರುಳಿತು. ಪುಣ್ಯಕ್ಕೆ ಮೊಣಕೈ ತರಚಿತು, ಅಷ್ಟೇ. ನಾನು ಅಳುತ್ತ ಕುಳಿತಿದ್ದೆ. ಅತ್ತೆ ಚಂದಮ್ಮ ಸಮಾಧಾನ ಹೇಳಿದರು: “ಅಳಬ್ಯಾಡ ಅಂಬಿಕಾ. ವಿಮಾ ಕಂಪನಿಯವ್ರು ಇಸಾರ ತೊಗೊಂಡಾರಲ್ಲ, ಇನ್ನ ಅವನ ಹೊಣಿ ಅವರದೂ ಅದ.”

ಇಸಾರ ಎಂದರೆ ಮುಂಗಡ. ನಮ್ಮ ತೋಟದಲ್ಲಿ ಇಸಾರ ಕೈ ಬದಲಾದರೆ ವ್ಯವಹಾರ ಮುಗಿದಂತೆ. ಮರುದಿನ ಗಾಳಿಗೆ ಗಿಡ ಮುರಿದರೂ ನಷ್ಟ ವ್ಯಾಪಾರಿಯದೇ, ಅವನು ತಕರಾರು ತೆಗೆಯುವುದಿಲ್ಲ. ವಿಮೆಯೂ ಹೀಗೇ ಎಂದು ನಂಬಿದ್ದು ನಮ್ಮ ದಡ್ಡತನ.

ನಿಮ್ಮ ಕಚೇರಿಗೆ ಬಂದು ಕೇಳಿದೆ. ಕೌಂಟರಿನ ತಬಸ್ಸುಮ್ ಮೇಡಂ ನೀರು ಕೊಟ್ಟು ಕೂರಿಸಿ, “ರೊಕ್ಕ ಜಮಾ ಆಗ್ಯಾದ್ರೀ ಅಕ್ಕಾರೆ. ಆದ್ರ ಅರ್ಜಿ ಮಂಜೂರ ಆದ ಮ್ಯಾಲೇ ಕಂಪನಿ ಹೊಣಿ,” ಎಂದರು. ಮುಚ್ಚಿಡಬಾರದೆಂದು ಟೆಂಪೊ ಉರುಳಿದ್ದನ್ನೂ ಹೇಳಿದೆ. “ಹೇಳಿದ್ದು ಛಲೋ ಆತು. ಇನ್ನ ಮತ್ತೊಮ್ಮೆ ತಪಾಸಣಿ ಆಗಬೇಕ್ರೀ,” ಎಂದರು. ನಿಜ ಹೇಳಿದ್ದಕ್ಕೆ ನಮ್ಮ ಅರ್ಜಿ ಸರದಿಯ ಹಿಂದಕ್ಕೆ ಹೋಯಿತು.

ಪರೀಕ್ಷೆ ಮಾಡದೆ ಹೊಣೆ ಹೊರಿ ಎಂದು ನಾನು ಕೇಳುತ್ತಿಲ್ಲ. ಗೊನೆ ನೋಡದೆ ಯಾವ ವ್ಯಾಪಾರಿ ಕೊಳ್ಳುತ್ತಾನೆ? ಆದರೆ ಕಂತು ಪಡೆಯುವಾಗ ಇದ್ದ ಚುರುಕು ಒಪ್ಪಿಗೆ ಕೊಡುವಾಗ ಎಲ್ಲಿ ಹೋಯಿತು? ಕಡತ ಮುಗಿಯುವವರೆಗೆ ಈ ಕಡೆ ಬರಬಾರದೆಂದು ಯಮಧರ್ಮನ ಜೊತೆ ತಾವೇನಾದರೂ ಕರಾರು ಮಾಡಿಕೊಂಡಿದ್ದೀರಾ? ಮಾಡಿಕೊಂಡಿದ್ದರೆ ಅದರ ಒಂದು ಪ್ರತಿ ನಮಗೂ ಕಳಿಸಿ, ಗೋಡೆಗೆ ಹಚ್ಚಿಕೊಳ್ಳುತ್ತೇವೆ.

ಬೇಡಿಕೆ ದೊಡ್ಡದಲ್ಲ. ಹಣ ಪಡೆದ ದಿನವೇ ರಸೀದಿಯ ಮೇಲೆ ದಪ್ಪ ಕನ್ನಡ ಅಕ್ಷರದಲ್ಲಿ “ಹೊಣೆ ಇನ್ನೂ ನಮ್ಮದಲ್ಲ” ಎಂದು ಅಚ್ಚು ಹಾಕಿಸಿ. ಒಪ್ಪಿದ ದಿನ ಒಂದು ಫೋನು ಮಾಡಿ. ಆ ದಿನ ಬೇಗ ಬರಲಿ.

ಮಾಗುತ್ತಿರುವ ಗೊನೆಗಳು ಕಾಯುವುದಿಲ್ಲ, ನಾಳೆ ಇವರು ಮತ್ತೆ ಟೆಂಪೊ ಹತ್ತುತ್ತಾರೆ. ನನಗೆ ಭಯವಾಗುತ್ತದೆ. ಅವರು ಬರುವವರೆಗೆ ಬಾಗಿಲಲ್ಲೇ ನಿಂತಿರುತ್ತೇನೆ. ನಿಮ್ಮ ಒಪ್ಪಿಗೆ ಬಂದ ಮೇಲೂ ನಿಲ್ಲುವವಳೇ. ಆಗ, ಅವರು ಕ್ಷೇಮವಾಗಿ ಮನೆ ಸೇರಲಿ ಎಂದು ಕಾಯುವವರು ಇನ್ನೊಬ್ಬರಿದ್ದಾರೆ ಎಂಬ ಧೈರ್ಯವಾದರೂ ಇರುತ್ತದೆ.

ಇಂತಿ,
ಸದ್ಯಕ್ಕೆ ಒಬ್ಬಳೇ ಕಾಯುತ್ತಿರುವ
ಅಂಬಿಕಾ