ಎರಡು ಸೀಟಿ

ಅತಿಥಿಗೃಹ, ಮೇಲಿನ ಮಹಡಿ
ಮಾರ್ಚ್ ೯, ಭಾನುವಾರ

ಪ್ರೀತಿಯ ಅಪ್ಪನಿಗೆ ನಮಸ್ಕಾರಗಳು.

ನಾನು ಚೆನ್ನಾಗಿದ್ದೇನೆ ಎಂದು ಬರೆದರೆ ನೀವು ಆ ಸಾಲು ಬಿಟ್ಟು ಮುಂದಕ್ಕೆ ಹೋಗುತ್ತೀರಿ, ಗೊತ್ತು. ಆದರೂ ಚೆನ್ನಾಗಿದ್ದೇನೆ. ಹೋದ ತಿಂಗಳೇ ಬರೆಯಬೇಕಿತ್ತು. ಕೂತಾಗಲೆಲ್ಲ ಒಂದೊಂದು ನೆಪ ಸಿಕ್ಕಿತು: ಒಮ್ಮೆ ಜ್ವರ, ಒಮ್ಮೆ ಕೆಲಸ, ಒಮ್ಮೆ ಬರೀ ಹೇಡಿತನ. ಫೋನಿನಲ್ಲಿ ಹೇಳೋಣವೆಂದರೆ ನೀವು ಅರ್ಧಕ್ಕೇ 'ಸರಿ ಸರಿ, ಅಮ್ಮನಿಗೆ ಕೊಡ್ತೀನಿ' ಅಂದುಬಿಡುತ್ತೀರಿ. ಕಾಗದವನ್ನು ಹಾಗೆ ದಾಟಿಸಲಾಗುವುದಿಲ್ಲ. ಕನ್ನಡಕ ಒರೆಸಿಕೊಂಡು ಬಾಲ್ಕನಿಯಲ್ಲಿ ಕೂತು ಪೂರ್ತಿ ಓದಿ. ಮಧ್ಯದಲ್ಲಿ ಎದ್ದು ಕುಂಡಗಳಿಗೆ ನೀರು ಹಾಕಲು ಹೋಗಬೇಡಿ.

ಮಂಡಿ ನೋವು ಹೇಗಿದೆ? ಮೆಟ್ಟಿಲು ಹತ್ತುವಾಗ ಕಂಬಿ ಹಿಡಿಯುವುದು ಫಾರೆಸ್ಟರ್ ಆಗಿದ್ದವನಿಗೆ ಅವಮಾನ ಅಂತ ಹೇಳಿದಿರಂತೆ. ಬಿದ್ದರೆ ಇನ್ನೂ ದೊಡ್ಡ ಅವಮಾನ, ನೆನಪಿರಲಿ.

ನನ್ನ ಕೆಲಸವನ್ನು ನೀವು ಕೆಳಗಿನ ಮನೆಯವರಿಗೆ 'ಕಾಡಿನ ತಪಾಸಣೆ' ಅಂತ ಹೇಳಿದ್ದೀರಿ. ಹೆಚ್ಚುಕಡಿಮೆ ಸರಿಯೇ. ಕಾಡಿನ ಆಡಳಿತ ಸುಧಾರಿಸಲು ಇಲಾಖೆ ಮಾಡಿದ್ದರಿಂದ ನಿಜವಾಗಿ ಏನಾಯಿತು, ಯಾರಿಗೆ ಒಳ್ಳೆಯದಾಯಿತು, ಯಾರಿಗೆ ಆಗಲಿಲ್ಲ ಎಂದು ನೋಡಿ ಹೇಳುವುದು. ಈ ಸಲ ನಮ್ಮ ತಂಡಕ್ಕೆ ಬಂದಿರುವುದು ಗ್ರಾಮ ಅರಣ್ಯ ಸಮಿತಿಗಳು. ಅದರಲ್ಲೂ ಮೊದಲನೆಯದು ನಿಮ್ಮದು, ಹೊಳೆಯ ಈಚೆಯದು. ನೀವು ಮನೆ ಮನೆಗೆ ಹೋಗಿ, ಒಬ್ಬೊಬ್ಬರನ್ನೂ ಒಪ್ಪಿಸಿ ಕಟ್ಟಿದ್ದು. ನಮ್ಮ ವರದಿ ಚೆನ್ನಾಗಿ ಬಂದರೆ ನೀವು ಬರೆದ ನಿಯಮಗಳನ್ನೇ ಎಲ್ಲ ಕಡೆಗೂ ಹರಡುತ್ತಾರಂತೆ. ಅದಕ್ಕಾಗಿ ಬುಧವಾರ ದೊಡ್ಡ ಸಭೆ ಇದೆ. ಓದುವವಳು ನಾನು.

ಮೊದಲು ಒಳ್ಳೆಯ ಸುದ್ದಿ. ನಿಮ್ಮ ಕಾಡು ಬೆಳೆದಿದೆ ಅಪ್ಪ. ಒಳಗೆ ಹೊಕ್ಕರೆ ಬಿಸಿಲು ನೆಲ ಮುಟ್ಟುವುದಿಲ್ಲ. ಕಾವಲಿನ ಸೀಟಿ ಇವತ್ತಿಗೂ ಮನೆಯಿಂದ ಮನೆಗೆ ಹೋಗುತ್ತದೆ. ಯಾರ ಬಾಗಿಲ ಮೊಳೆಯಲ್ಲಿ ತೂಗುತ್ತಿದೆಯೋ ಆ ದಿನ ಕಾವಲು ಅವರದು. ಕಳ್ಳರು ಕಂಡರೆ ಒಂದೇ ಉದ್ದ ಸೀಟಿ, ಎಲ್ಲ ಸುರಕ್ಷಿತವಾಗಿದ್ದರೆ ಎರಡು ಚಿಕ್ಕ ಸೀಟಿ. ಈ ಸಮಿತಿಗಾಗಿ ನಿಮಗೆ ಪ್ರಶಸ್ತಿ ಕೊಟ್ಟ ದಿನ ವೇದಿಕೆಯ ಮೇಲೆ ನೀವೇ ಊದಿ ತೋರಿಸಿದ್ದಿರಿ. ನಾನು ಮುಂದಿನ ಸಾಲಿನಲ್ಲಿ ಕೂತು ಕೈ ನೋಯುವಷ್ಟು ಚಪ್ಪಾಳೆ ಹೊಡೆದಿದ್ದೆ.

ಈಗ ಇನ್ನೊಂದು ಸುದ್ದಿ. ಸಮಿತಿಯಿಂದ ಎಷ್ಟು ಲಾಭವಾಯಿತು ಎಂದು ಹೇಳಬೇಕಾದರೆ ಸಮಿತಿ ಇಲ್ಲದ ಕಾಡೊಂದನ್ನು ಪಕ್ಕದಲ್ಲಿಟ್ಟು ಹೋಲಿಸಬೇಕು. ನಮ್ಮ ನಿರ್ದೇಶಕರು ಹೊಳೆಯಾಚೆಯ ಕಾಡನ್ನೇ ಆರಿಸಿದ್ದರು. ಅದೇ ಮಣ್ಣು, ಅದೇ ಮಳೆ, ಅದೇ ಮರಗಳು. (ನಿರ್ದೇಶಕರನ್ನು ಕಚೇರಿಯಲ್ಲಿ ನಾವೆಲ್ಲ 'ಕೆಂಪು ಪೆನ್ನು' ಅನ್ನುತ್ತೇವೆ. ರಜೆ ಅರ್ಜಿಯನ್ನೂ ತಿದ್ದುತ್ತಾರೆ.) ಉಪಗ್ರಹದ ಚಿತ್ರದಲ್ಲಿ ಈಚೆ ದಡ ಕಡು ಹಸಿರು, ಆಚೆ ದಡ ಬೋಳು. ನೋಡಿದವರೆಲ್ಲ ಸಮಿತಿ ಅಂದರೆ ಹೀಗಿರಬೇಕು ಅಂದರು.

ಆ ಆಚೆಯ ಕಾಡಿಗೆ ಗಾರ್ಡ್ ಆಗಿದ್ದವನು ನಿಮ್ಮ ಮಗ. ಅವನ ಕಾವಲಿನಲ್ಲೇ ಅದು ಬೋಳಾಯಿತು, ವಿಚಾರಣೆಯಲ್ಲಿ ಅವನು ಬಾಯಿ ಬಿಡಲಿಲ್ಲ, ಕೆಲಸ ಹೋಯಿತು. 'ಕಾಡು ಮಾರಿಕೊಂಡವನು ನೀನು, ನನ್ನ ಮಗ ಅಂತ ಹೇಳ್ಕೋಬೇಡ' ಅಂತ ಅವನಿಗೆ ಅಂದಿರಿ. ಅಂದಿನಿಂದ ನಮ್ಮ ಮನೆಯಲ್ಲಿ ಅಣ್ಣನ ಹೆಸರೆತ್ತಿದರೆ ನೀವು ಊಟ ಬಿಟ್ಟು ಏಳುತ್ತೀರಿ. ಈಗ ಏಳಬೇಡಿ.

ಇದೆಲ್ಲ ನಿರ್ದೇಶಕರಿಗೆ ಮೊದಲ ದಿನವೇ ಹೇಳಿದೆ. 'ಆ ಗಾರ್ಡ್ ನನ್ನ ಒಡಹುಟ್ಟಿದವನು, ಆ ಫಾರೆಸ್ಟರ್ ನನ್ನ ತಂದೆ. ಆ ಊರಿನಲ್ಲಿ ಮಾತಾಡಿಸೋಕೆ ಬೇರೆಯವರನ್ನ ಕಳಿಸಿ' ಅಂದೆ. ಹಾಗಾಗಿ ನನ್ನ ಸಹೋದ್ಯೋಗಿ ಹೋದಳು. ಈಚೆ ದಡದ ಹೆಂಗಸರ ಜೊತೆ ಕೂತು ಅವಳು ಕೇಳಿದ ಮೊದಲ ಪ್ರಶ್ನೆ ಬಹಳ ಸರಳವಾದದ್ದು: ಸಮಿತಿ ಕಾಡು ಮುಚ್ಚಿದ ಮೇಲೆ ನಿಮ್ಮ ಒಲೆಗೆ ಸೌದೆ ಎಲ್ಲಿಂದ ಬಂತು?

ಹೆಂಗಸರು ಮುಖ ಮುಖ ನೋಡಿಕೊಂಡು ನಕ್ಕರಂತೆ. ನಮ್ಮ ಹಳೆಯ ಕ್ವಾರ್ಟರ್ಸಿನ ಪಕ್ಕದ ಹೊಲಿಗೆಯ ಅತ್ತೆ ನೆನಪಿದ್ದಾರಲ್ಲ, ಅವರೇ ಬಾಯಿ ಬಿಟ್ಟದ್ದು. 'ಏನು ಕೇಳ್ತೀಯಮ್ಮ, ಒಣಗಿದ ಕಡ್ಡಿನೂ ಎತ್ತಬಾರದು ಅಂತ ರೂಲ್ ಮಾಡಿದ್ರು. ಗ್ಯಾಸಿನ ಗಾಡಿ ನಮ್ಮ ರಸ್ತೆ ಹತ್ತುತ್ತಿರಲಿಲ್ಲ. ಫಾರೆಸ್ಟರ್ ಸಾಹೇಬ್ರು ಗುಡ್ಡದ ಕಡೆ ಸುತ್ತೋಕೆ ಹೊರಟ ತಕ್ಷಣ ಎರಡು ಸಲ ಸೀಟಿ ಊದ್ತಿದ್ವಿ. ಹಗ್ಗ ತಗೊಂಡು ಹೊಳೆ ದಾಟ್ತಿದ್ವಿ. ಸಾಹೇಬ್ರಿಗೂ ಖುಷಿ, ನಮಗೂ ಸೌದೆ' ಅಂದರಂತೆ.

ನೀವು ವೇದಿಕೆಯ ಮೇಲೆ ಊದಿ ತೋರಿಸಿದ್ದು ಅದನ್ನೇ ಅಪ್ಪ. ಕೇಳಿ ಮೊದಲು ನಗು ಬಂತು, ತಡೆಯಲಾಗಲಿಲ್ಲ. ಆಮೇಲೆ ಅಳು ಬಂತು.

ಹಾಗಾಗಿ ನಮ್ಮ ಹೋಲಿಕೆಯೇ ತಪ್ಪು. ಈಚೆ ಉಳಿದ ಮರಗಳಿಗೆ ಆಚೆಯ ಮರಗಳು ಬೆಲೆ ತೆತ್ತಿವೆ. ನೀವು ಎಷ್ಟು ಬಿಗಿಯಾಗಿ ಕಾದಿರೋ ಅಣ್ಣನ ಕಾಡಿಗೆ ಅಷ್ಟು ಜನ ನುಗ್ಗಿದರು. ಮೊದಲು ತಲೆಹೊರೆಯ ಹೆಂಗಸರು, ಅವರು ತುಳಿದ ದಾರಿಯಲ್ಲೇ ಆಮೇಲೆ ಹೋಟೆಲುಗಳಿಗೆ ಮಾರುವವರ ಗಾಡಿಗಳು. ಇದನ್ನು ಬರೆದ ಪುಟವನ್ನು ನಿರ್ದೇಶಕರು ಓದಿ ಪೆನ್ನಿಗೆ ಮುಚ್ಚಳ ಹಾಕಿದರು.

'ಇದನ್ನ ಕೊನೆಗೆ, ಅನುಬಂಧದಲ್ಲಿ ಹಾಕೋಣ. ಅಲ್ಲಿಗಂಟ ಯಾರೂ ಓದಲ್ಲ' ಅಂದರು.

'ಯಾರೂ ಓದಲ್ಲ ಅಂತಾನೇ ತಾನೇ ಸರ್ ಅಲ್ಲಿ ಹಾಕೋದು?' ಅಂದೆ.

'ನಿಮ್ಮ ತಂದೆ ಹೆಸರು ಹಾಳಾಗುತ್ತೆ ಕಣಮ್ಮ. ಯೋಚನೆ ಮಾಡು.'

ಯೋಚನೆ ಮಾಡಿಯೇ ಬರೆದಿದ್ದೇನೆ, ಆ ಪುಟ ಮುಂದೆ ಬರದಿದ್ದರೆ ನನ್ನ ಹೆಸರೂ ಅದರಲ್ಲಿ ಬೇಡ ಅಂದೆ. ಎರಡು ದಿನ ಅವರು ನನ್ನೊಡನೆ ಮಾತಾಡಲಿಲ್ಲ. ಶುಕ್ರವಾರ ಕರಡು ವಾಪಸು ಬಂತು. ಆ ಪುಟ ಮುಂದೆಯೇ ಇತ್ತು. ಕೆಂಪಿನಲ್ಲಿ ಒಂದು ಅಲ್ಪವಿರಾಮ ಮಾತ್ರ ಸೇರಿಸಿದ್ದರು.

ಹಾಗಂತ ಸಮಿತಿ ಮುಚ್ಚಿ ಅಂತ ನಾನು ಹೇಳುತ್ತಿಲ್ಲ, ತಪ್ಪು ತಿಳಿಯಬೇಡಿ. ಎರಡೂ ದಡಕ್ಕೆ ಸೇರಿ ಒಂದೇ ಸಮಿತಿ ಇರಲಿ, ಸೌದೆಗೆಂದೇ ಒಂದು ಭಾಗ ಬಿಡಲಿ, ನಿಯಮ ಮಾಡುವಾಗ ಒಲೆ ಹಚ್ಚುವವರು ಸಭೆಯಲ್ಲಿ ಕೂತಿರಲಿ ಎಂದು ಬರೆದಿದ್ದೇನೆ. ನಿಮ್ಮ ಸಮಿತಿಯ ಫೋಟೋ ನೋಡಿ. ಎಲ್ಲರೂ ಗಂಡಸರು, ನಿಮ್ಮನ್ನೂ ಸೇರಿಸಿ ಒಬ್ಬರೂ ಒಂದು ಲೋಟ ನೀರು ಕಾಯಿಸಿಕೊಂಡವರಲ್ಲ. ಕಾಡಿನ ಮೇಲೆ ನಿಮಗಿದ್ದ ಪ್ರೀತಿ ಸುಳ್ಳಲ್ಲ. ಅದನ್ನು ಸುಳ್ಳು ಎನ್ನುವವರು ಯಾರಾದರೂ ಇದ್ದರೆ ಅವರ ಜೊತೆ ಜಗಳಕ್ಕೆ ಮೊದಲು ನಿಲ್ಲುವವಳು ನಾನೇ. ಆದರೆ ಬುಧವಾರ ನಾನು ಎದ್ದು ನಿಂತು ಇದನ್ನೆಲ್ಲ ಓದುತ್ತೇನೆ. ನಿಮ್ಮ ಒಪ್ಪಿಗೆ ಕೇಳುತ್ತಿಲ್ಲ. ಪತ್ರಿಕೆಯಲ್ಲಿ ನೋಡುವ ಮೊದಲು ನನ್ನಿಂದ ತಿಳಿಯಬೇಕಿತ್ತು, ಅಷ್ಟೇ.

ನನ್ನನ್ನು ಸಣ್ಣವಳಿದ್ದಾಗ ಹೆಗಲ ಮೇಲೆ ಕೂರಿಸಿಕೊಂಡು ಮರಗಳ ಹೆಸರು ಹೇಳಿಕೊಟ್ಟಿರಿ. ತಪ್ಪು ಹೇಳಿದರೆ ಕೆಳಗಿಳಿಸಿ, ತೊಗಟೆ ಮುಟ್ಟಿ ನೋಡಿ ಮತ್ತೆ ಹೇಳು ಅನ್ನುತ್ತಿದ್ದಿರಿ. ಈಗಲೂ ಅದನ್ನೇ ಮಾಡಿದ್ದೇನೆ. ಸಿಟ್ಟು ಬಂದರೆ ಬರಲಿ, ನನ್ನ ತಲೆಯ ಮೇಲಿನ ಕೈ ಮಾತ್ರ ತೆಗೆಯಬೇಡಿ.

ನಿಮ್ಮ ಮೊಂಡು ಮಗಳು

ತಾ.ಕ.: ಮೇಲೆ ಬರೆದದ್ದೆಲ್ಲ ವರದಿಯಲ್ಲಿದೆ. ಇದು ಅದರಲ್ಲಿಲ್ಲ, ಇರುವುದೂ ಇಲ್ಲ. ಹೊಲಿಗೆಯ ಅತ್ತೆ ನನ್ನ ಸಹೋದ್ಯೋಗಿಗೆ ಇನ್ನೊಂದು ಮಾತು ಹೇಳಿದ್ದರು: 'ನಮಗೆಲ್ಲಿ ಧೈರ್ಯ ಇತ್ತಮ್ಮ? ಸಾಹೇಬ್ರ ಮನೆಯವರೇ ಮುಂದೆ ಇರ್ತಿದ್ರು.' ನಾನು ಅಮ್ಮನನ್ನು ಕೇಳಿದೆ. ಅವಳು ಸುಳ್ಳು ಹೇಳಲಿಲ್ಲ. ಮೊದಲ ಸಲ ಹೊಳೆ ದಾಟಿದ ದಿನವೇ ಅಣ್ಣ ಎದುರಾದನಂತೆ. ತಲೆಯ ಮೇಲೆ ಹೊರೆ ಹೊತ್ತ ಅಮ್ಮನನ್ನು ನೋಡಿದನಂತೆ, ಹಿಂದೆ ನಿಂತಿದ್ದ ಹೆಂಗಸರನ್ನೂ ನೋಡಿದನಂತೆ, ಹೊರೆಗೆ ಕೈ ಕೊಟ್ಟು ಹೊಳೆ ದಾಟಿಸಿದನಂತೆ. ತಾಯಿಯನ್ನು ಬಿಟ್ಟ ಮೇಲೆ ಉಳಿದವರನ್ನು ಹಿಡಿಯುವುದು ಹೇಗೆ? ಗಾಡಿಯವರು ಬಂದಾಗ ಅವರೂ 'ನಿಮ್ಮಮ್ಮನನ್ನ ಬಿಟ್ಟೆಯಲ್ಲ, ನಮ್ಮನ್ನ ಹೇಗೆ ಹಿಡೀತೀಯ' ಅಂತ ಕೇಳಿದರಂತೆ. ವಿಚಾರಣೆಯಲ್ಲಿ ಅವನು ಒಂದು ಹೆಸರು ಹೇಳಿದ್ದರೆ ಸಾಕಿತ್ತು, ಕೆಲಸ ಉಳಿಯುತ್ತಿತ್ತು. ನಿಮ್ಮ ಪ್ರಶಸ್ತಿ ಉಳಿಯುತ್ತಿರಲಿಲ್ಲ, ಅಮ್ಮನಿಗೆ ನಿಮ್ಮೆದುರು ಮುಖ ತೋರಿಸಲಾಗುತ್ತಿರಲಿಲ್ಲ. ಅಷ್ಟು ವರ್ಷ ನೀವು ಸುತ್ತಾಡಿ ಬಂದು ಸ್ನಾನ ಮಾಡಿದ ಬಿಸಿನೀರು ಆ ಸೌದೆಯದೇ ಅಪ್ಪ.

ಇದನ್ನು ಬರೆಯಲು ಹೇಳಿದ್ದು ಅಮ್ಮನೇ. 'ನನ್ನ ಬಾಯಿಂದ ಆಗಲ್ಲ, ನೀನು ಬರಿ. ಅವರು ಓದೋವಾಗ ನಾನು ಅಡುಗೆಮನೇಲಿ ಇರ್ತೀನಿ' ಅಂದಳು. ಈಗ ಅಲ್ಲೇ ಇದ್ದಾಳೆ, ನೀವು ಈ ಪುಟಕ್ಕೆ ಬಂದಿದ್ದೀರೆಂದು ಅವಳಿಗೆ ಗೊತ್ತು. ಕೂಗಬೇಡಿ. ಒಳಗೆ ಹೋಗಿ. ಆಮೇಲೆ ಅಣ್ಣನಿಗೆ ಫೋನ್ ಮಾಡಿ. ನಂಬರು ಅಮ್ಮನ ಹತ್ತಿರ ಇದೆ. ಇಷ್ಟು ವರ್ಷವೂ ಇತ್ತು.