ಪುಲ್ಲಿಯ ಮೇಲಿನ ಟವೆಲ್

2 ಆಗಸ್ಟ್ 2004, ಸೋಮವಾರ

ಹುಮನಾಬಾದ ತಲುಪಿದ್ದು 5.25. ತಾಲೀಮಿಗೆ, ಈಗಿನ ಜಿಮ್ಮಿಗೆ, 5.35. ವೇಟು ಎಳೆಯುವ ಪುಲ್ಲಿ ಖಾಲಿ — ಆದರೆ ಸೀಟಿನ ಮೇಲೆ ಮತ್ತೆ ಟವೆಲ್. ಬಿಳಿ, ಹಸಿರು ಅಂಚು. ಟವೆಲಿನ ಯಜಮಾನ ಎಲ್ಲೂ ಇಲ್ಲ. ಮೂವತ್ತೈದು ನಿಮಿಷ ಗೋಡೆಗೆ ಒರಗಿ ನಿಂತೆ. ಕೊನೆಗೆ ಅವನು ಬಂದು ಎಳೆದು ಹೋದ ಮೇಲೆ ಸಿಕ್ಕಿದ್ದು ಎಂಟು ನಿಮಿಷ. ಎಳೆದದ್ದು ಹದಿನೆಂಟು ಸಲ. ಬೇಕಾದದ್ದು ಅರವತ್ತು. 6.45ರ ಬಸ್ಸಿಗೆ ವಾಪಸ್ ಬಸವಕಲ್ಯಾಣ.

ಮುಂದೆ ಮರೆಯಬಾರದೆಂದು ಬರೆದಿಡುತ್ತೇನೆ. ಮಾರ್ಚ್ 11, ಮನ್ನಾಏಖೇಳ್ಳಿ ಹತ್ತಿರ ದೀಪವಿಲ್ಲದ ಟ್ರ್ಯಾಕ್ಟರ್. ನಾನು ಓಡಿಸುತ್ತಿದ್ದ ಬಸ್ಸು ರಸ್ತೆ ಬಿಟ್ಟು ಇಳಿಯಿತು. ಪ್ರಯಾಣಿಕರಿಗೆ ಏನೂ ಆಗಲಿಲ್ಲ. ನನ್ನ ಎಡಭುಜ ಮುರಿಯಿತು. ಎಲುಬು ಕೂಡಿದೆ, ಕೈ ಮಾತ್ರ ಕಿವಿಯ ಮಟ್ಟ ದಾಟುತ್ತಿಲ್ಲ. ಸೆಪ್ಟೆಂಬರ್ 6ಕ್ಕೆ ಬೀದರಿನಲ್ಲಿ ಮೆಡಿಕಲ್ ಬೋರ್ಡು. ಎಡಗೈ ತಲೆಯ ಮೇಲೆ ನೇರ ಎತ್ತಿ, ಹತ್ತು ಎಣಿಸುವವರೆಗೆ ಹಿಡಿಯಬೇಕು. ಆಗದಿದ್ದರೆ ಹತ್ತೊಂಬತ್ತು ವರ್ಷ ಹಿಡಿದ ಸ್ಟೇರಿಂಗು ಬಿಟ್ಟು ನಿವೃತ್ತಿಯವರೆಗೆ ಡಿಪೊ ಗೇಟಿನಲ್ಲಿ ಸ್ಟೂಲು.

ಡಾಕ್ಟರು ಹೇಳಿದ್ದು ಒಂದೇ ಉಪಾಯ. ಕಡಿಮೆ ವೇಟು ಇಟ್ಟು, ಮೇಲಿಂದ ಕೆಳಗೆ ಎಳೆಯುವ ಪುಲ್ಲಿ, ದಿನಕ್ಕೆ ಅರವತ್ತು ಸಲ. ನನಗೆ ತಿಳಿದ ಮಟ್ಟಿಗೆ ಎರಡೂ ಊರು ಸೇರಿ ಇರುವುದು ಇದೊಂದೇ. ಹಗಲು ನಾಲ್ಕರವರೆಗೆ ಬಸವಕಲ್ಯಾಣ ಸ್ಟ್ಯಾಂಡಿನ ವಿಚಾರಣೆ ಕಿಟಕಿಯಲ್ಲಿ ಕೂರಿಸಿದ್ದಾರೆ. ಹಾಗಾಗಿ ಸಂಜೆಯ ಈ ಒಂದು ತಾಸು ಬಿಟ್ಟರೆ ನನಗೆ ಬೇರೆ ಹೊತ್ತಿಲ್ಲ.

4 ಆಗಸ್ಟ್, ಬುಧವಾರ

ಇಪ್ಪತ್ತನಾಲ್ಕು ಸಲ. ಸೀಟು ಬೆವರಿನಿಂದ ಒದ್ದೆ. ನನ್ನ ಕರ್ಚೀಫಿನಿಂದ ಒರೆಸಿದೆ. ವೇಟು ಹೊಂದಿಸುವ ಪಿನ್ನನ್ನು ಟವೆಲಿನವನು ಅರವತ್ತು ಕಿಲೋದಲ್ಲಿ ಸಿಕ್ಕಿಸಿಟ್ಟು ಹೋಗಿದ್ದ. ನೋಡದೆ ಎಳೆದೆ. ಭುಜದಲ್ಲಿ ಬೆಂಕಿ. ತಪ್ಪು ನನ್ನದೂ ಹೌದು — ಬೇರೆಯವರು ಓಡಿಸಿದ ಗಾಡಿ ಹತ್ತುವಾಗ ಗೇರು ನೋಡದೆ ಯಾವತ್ತಾದರೂ ಚಾಲೂ ಮಾಡಿದ್ದೇನೆಯೇ?

ಪ್ಲೇಟುಗಳು ನೆಲದ ಮೇಲೆ, ನಡೆಯುವ ದಾರಿಯಲ್ಲೇ. ಮೂಲೆಯ ಮರಳಿನ ಬಕೆಟ್ಟಿನಲ್ಲಿ ಗುಟ್ಕಾ. ಇದು ಹಳೆಯ ಕುಸ್ತಿ ತಾಲೀಮು. ಮೂರು ವರ್ಷದ ಹಿಂದೆ ಮಣ್ಣು ತೆಗೆದು ಫರಸಿ ಕಲ್ಲು ಹಾಕಿಸಿ ಜಿಮ್ ಮಾಡಿದ್ದಾರೆ. ಮಣ್ಣಿನ ಜೊತೆ ಇನ್ನೂ ಏನೇನೋ ಹೊರಗೆ ಹೋದ ಹಾಗೆ ಕಾಣುತ್ತದೆ.

9 ಆಗಸ್ಟ್, ಸೋಮವಾರ

ಟವೆಲಿನ ಧಣಿಯ ಹೆಸರು, ಠಿಕಾಣಿ ಪತ್ತೆ. ಸಂಜೀವಕುಮಾರ, ಸಿಮೆಂಟ್ ಅಂಗಡಿಯವನು, ಮೂವತ್ತು ದಾಟಿಲ್ಲ. ಮೊದಲು ಒಳಗೆ ಬರುವುದೇ ಇಲ್ಲ. ರಸ್ತೆಯಲ್ಲಿ ಮೋಟರ್‌ಸೈಕಲ್ ನಿಲ್ಲಿಸಿ ಕಿಟಕಿಯಿಂದ ಟವೆಲ್ ಒಗೆಯುತ್ತಾನೆ. ಅದು ನೇರ ಪುಲ್ಲಿಯ ಸೀಟಿಗೆ. ಆಮೇಲೆ ಎದುರಿನ ಹೋಟೆಲಿನಲ್ಲಿ ಚಹಾ, ನಾಲ್ಕು ಜನರ ಜೊತೆ ಹರಟೆ. ಹೋಟೆಲಿಗೇ ಹೋಗಿ ಕೇಳಿದೆ.

"ಯಾಕ ಕಾಕಾ, ಅವಸರ ಅದೇನು?"

"6.45ಕ್ಕ ನನ್ನ ಬಸ್ಸದ. ನೀನು ಇಲ್ಲಿ ಚಹಾ ಕುಡ್ಯಾಕತ್ತಿ. ಅಲ್ಲಿ ಪುಲ್ಲಿ ಖಾಲಿ ಅದ."

"ಖಾಲಿ ಎಲ್ಲದರಿ? ಟವೆಲ್ ಕೂತದಲ್ಲ."

ನಾಲ್ಕೂ ಜನ ನಕ್ಕರು. ಒಬ್ಬನ ಬಾಯಿಂದ ಚಹಾ ಚೆಲ್ಲಿತು.

11 ಆಗಸ್ಟ್, ಬುಧವಾರ

ಮೊಹಿನುದ್ದೀನ್ ಉಸ್ತಾದರನ್ನು ಕೇಳಿದೆ. ತಾಲೀಮು ಅವರದು, ಒಂದು ಕಾಲದ ಪೈಲ್ವಾನ್. ಟವೆಲಿಗೆ ಇಷ್ಟು ಅಧಿಕಾರ ಕೊಟ್ಟವರು ಯಾರು?

"ನೀವ ಕೊಟ್ಟೀರಿ ಡ್ರೈವರ್ ಸಾಬ್," ಎಂದರು. "ಬಸ್ಸಿನ ಕಿಡಕಿಯಿಂದ ಟವೆಲ್ ಒಗದವನ ಸೀಟು ಅಂತ ಯಾರು ಕಲಿಸ್ಯಾರ? ಹತ್ತಿದ ಮಂದಿ ಅದನ್ನ ಸರಸಿದ್ರ ಜಗಳ ಆಗೂದಿಲ್ಲೇನು? ಇಲ್ಲೂ ಹಂಗೇ. ಇದ್ದ ಟವೆಲ್ ತಗೀಬಾರದು. ಇದೊಂದ ಖಾನೂನು."

ನಿಜ. ನನ್ನ ಬಸ್ಸಿನಲ್ಲಿ ಜಗಳ ಹತ್ತಿದಾಗಲೆಲ್ಲ ಕಂಡಕ್ಟರ್ ಹಬೀಬನಿಗೆ ನಾನೇ ಕೂಗಿ ಹೇಳಿದ್ದೇನೆ — ಟವೆಲ್ ಹಾಕಿದವರಿಗೆ ಬಿಡು, ಗಾಡಿ ಬಿಡೋಣ. ಆದರೆ ಬಸ್ಸಿನಲ್ಲಿ ಟವೆಲ್ ಒಗೆದವನು ಐದು ನಿಮಿಷದಲ್ಲಿ ಹತ್ತಿ ಕೂರುತ್ತಾನೆ. ಚಹಾಕ್ಕೆ ಹೋಗುವುದಿಲ್ಲ.

ಇಂದು ಹನ್ನೊಂದು ಸಲ.

16 ಆಗಸ್ಟ್, ಸೋಮವಾರ

ಡ್ಯೂಟಿ ಚಾರ್ಟಿನ ಮಾದರಿಯಲ್ಲಿ ಹಾಳೆ ಬರೆದೆ. ಹೆಸರು, ಸಮಯ, ಹದಿನೈದು ನಿಮಿಷಕ್ಕೊಬ್ಬರು. ಕೆಳಗೆ ಮೂರು ಸೂಚನೆ: ಸೀಟು ಒರೆಸಿ, ಪ್ಲೇಟು ಜಾಗಕ್ಕಿಡಿ, ಉಗುಳಬೇಡಿ. ಉಸ್ತಾದರು ಓದಿ "ಅಚ್ಛಾ ಅದ" ಎಂದರು. ಪುಲ್ಲಿಯ ಪಕ್ಕದ ಗೋಡೆಗೆ ಅಂಟಿಸಿದೆ.

17 ಆಗಸ್ಟ್, ಮಂಗಳವಾರ

ಹಾಳೆ ಗೋಡೆಯ ಮೇಲಿಲ್ಲ. ಹುಡುಕಿದೆ. ನಾಲ್ಕು ಮಡಿಕೆ ಮಾಡಿ ಬೆಂಚಿನ ಕುಂಟುಕಾಲಿನ ಕೆಳಗೆ ಇಟ್ಟಿದ್ದಾರೆ. ಬೆಂಚು ಈಗ ಅಲುಗುವುದಿಲ್ಲ.

20 ಆಗಸ್ಟ್, ಶುಕ್ರವಾರ

ನಿಂತೆ, ನಲವತ್ತು ನಿಮಿಷ. ಕಿಟಕಿಯಿಂದ ಅವನ ನಗು ಕೇಳುತ್ತಿತ್ತು. 6.20ಕ್ಕೆ ಟವೆಲ್ ಎತ್ತಿದೆ. ಅದು ಬಂದ ಕಿಟಕಿಯಿಂದಲೇ ಹೊರಗೆ ಒಗೆದೆ. ಗಟಾರಕ್ಕೆ ಬಿತ್ತು. ಗುರಿಯಿಟ್ಟು ಒಗೆಯಲಿಲ್ಲ. ಬಿದ್ದದ್ದಕ್ಕೆ ಬೇಸರವೂ ಇಲ್ಲ.

ಓಡಿ ಬಂದ. ಕಾಲರ್ ಹಿಡಿದ. "ಹೆಗಲ ಮ್ಯಾಲಿನ ಟವೆಲ್ ಗಟಾರಕ್ಕ ಒಗಿತೀಯೇನಲೇ!" ಇಲ್ಲಿವರೆಗಿನ "ಕಾಕಾ" ಅಲ್ಲಿಗೆ ಮುಗಿಯಿತು. ಉಸ್ತಾದರು ನಡುವೆ ಬಂದು ಬಿಡಿಸಿದರು. ಹತ್ತು ಜನ ಇದ್ದರು. ದಿನವೂ ಅದೇ ಟವೆಲನ್ನು ಬೈಯುತ್ತಿದ್ದವರೂ ಇದ್ದರು. ಒಬ್ಬರೂ ನನ್ನ ಕಡೆ ಮಾತಾಡಲಿಲ್ಲ.

ಉಸ್ತಾದರ ತೀರ್ಪು: "ತಪ್ಪು ನಿಮ್ದು. ಅವಂಗ ಹೊಸ ಟವೆಲ್ ಹೊದಿಸಿ ಮಾಫಿ ಕೇಳ್ರಿ. ಅಲ್ಲಿತನಕಾ ಇಲ್ಲಿ ಬರಬ್ಯಾಡ್ರಿ."

ಅಂಥವನಿಗೆ ಟವೆಲ್ ಹೊದಿಸುವುದೆಂದರೆ! ಮದುವೆಯಲ್ಲಿ ಬೀಗರಿಗೆ ಹೊದಿಸುತ್ತೇವೆ. ಊರಿಗೆ ಬಂದ ಹಿರಿಯರಿಗೆ ಹೊದಿಸುತ್ತೇವೆ. ಹೋಗುವುದಿಲ್ಲ.

29 ಆಗಸ್ಟ್, ಭಾನುವಾರ

ಪಕ್ಕದ ಮನೆಯ ಬಾವಿ ಗಾಲಿ ಕೇಳಿ ತಂದು ನಮ್ಮ ಮನೆಯ ತೊಲೆಗೆ ಕಟ್ಟಿದೆ. ಹಗ್ಗದ ತುದಿಗೆ ನೀರಿನ ಬಕೆಟ್. ನಾಲ್ಕು ದಿನ ಚೆನ್ನಾಗಿತ್ತು. ಐದನೆಯ ದಿನ ಹಗ್ಗ ಗಾಲಿಯಿಂದ ಜಾರಿತು, ಬಕೆಟ್ ಜಗ್ಗಿತು. ಭುಜ ಊದಿದೆ. ಡಾಕ್ಟರು ಬೈದರು. ಒಂದು ವಾರ ಏನೂ ಎಳೆಯಬಾರದಂತೆ.

ವಿಜಯಶ್ರೀ ನೆಲ ಒರೆಸುತ್ತಾ ಹೇಳಿದಳು: "ಒಂದು ಟವೆಲಿನ ಸಲುವಾಗಿ ಕೈ ಕಳ್ಕೋತೀರೇನ್ರಿ?"

"ಟವೆಲಿನ ಮಾತಲ್ಲ ಇದು."

"ಮತ್ತ್ಯಾವುದರ ಮಾತು?"

ಹೆಂಡತಿಯ ಮೇಲೂ ಸಿಟ್ಟು ಬಂತು.

6 ಸೆಪ್ಟೆಂಬರ್, ಸೋಮವಾರ. ಬೀದರ

ಕೈ ಕಿವಿಯವರೆಗೆ ಹೋಯಿತು. ಅಲ್ಲಿಂದ ನಡುಗಿತು. ಡಾಕ್ಟರು ಮೂರು ಎಣಿಸುವಷ್ಟರಲ್ಲಿ ಇಳಿಯಿತು. ಒಳ್ಳೆಯ ಮನುಷ್ಯ, ಎಣಿಕೆ ನಿಧಾನ ಮಾಡಲಿಲ್ಲ, ಅವಸರವನ್ನೂ ಮಾಡಲಿಲ್ಲ. ಇನ್ನೊಂದು ಅವಕಾಶ: ಅಕ್ಟೋಬರ್ 18. ಅದೇ ಕೊನೆಯದು ಎಂದು ಕಾಗದದ ಮೇಲೆ ಬರೆದುಕೊಟ್ಟರು.

ಆರು ವಾರ.

9 ಸೆಪ್ಟೆಂಬರ್, ಗುರುವಾರ

ಹುಮನಾಬಾದ ಬಜಾರಿನಲ್ಲಿ ಟವೆಲ್ ತೆಗೆದುಕೊಂಡೆ. ಕೆಂಪು ಅಂಚು. ತಾಲೀಮಿನಲ್ಲಿ ಉಸ್ತಾದರು ಎಲ್ಲರನ್ನೂ ನಿಲ್ಲಿಸಿದ್ದರು. ಸಂಜೀವಕುಮಾರ ಬೆಂಚಿನ ಮೇಲೆ ಮದುಮಗನ ಹಾಗೆ ಕುಳಿತಿದ್ದ. ಹೊದಿಸಲು ಎಡಗೈ ಅಷ್ಟು ಎತ್ತರ ಬರಲಿಲ್ಲ. ಒಂದೇ ಕೈಯಿಂದ ಹೊದಿಸಿದೆ, ಒಂದು ಬದಿ ಜಾರಿತು. ತಾನೇ ಸರಿಮಾಡಿಕೊಂಡ.

"ತಪ್ಪಾಯ್ತು," ಎಂದೆ.

"ಏನಂದ್ರಿ ಕಾಕಾ? ಫ್ಯಾನಿನ ಸಪ್ಪಳಕ್ಕ ಕೇಳಲಿಲ್ಲ."

ಉಸ್ತಾದರು ಫ್ಯಾನ್ ಬಂದ್ ಮಾಡಿಸಿದರು. ಎರಡನೆಯ ಸಲ ಹೇಳಿದೆ.

10 ಸೆಪ್ಟೆಂಬರ್, ಶುಕ್ರವಾರ

5.35. ಪುಲ್ಲಿಯ ಸೀಟಿನ ಮೇಲೆ ಕೆಂಪು ಅಂಚಿನ ಟವೆಲ್. ನಾನು ಹೊದಿಸಿದ್ದೇ. ಅದರ ಮಡಿಕೆಯ ಗೆರೆ ಕೂಡ ಇನ್ನೂ ಹೋಗಿಲ್ಲ.

ಹದಿನಾಲ್ಕು ಸಲ.

14 ಸೆಪ್ಟೆಂಬರ್, ಮಂಗಳವಾರ

ಸಂಜೆ 4.30ರ ಬಸ್ಸು, ಬಸವಕಲ್ಯಾಣ. ಹಬೀಬನದೇ ಡ್ಯೂಟಿ. ನಾನು ಬಾಗಿಲ ಹತ್ತಿರದ ಸೀಟಿನಲ್ಲಿ. ಮುಂದಿನ ಸೀಟಿಗೆ ಯಾರೋ ಕಿಟಕಿಯಿಂದ ಟವೆಲ್ ಒಗೆದರು. ಮೋರಖಂಡಿಯ ಭಾಗಮ್ಮ ಎಂಬ ಮುದುಕಿ, ಕಂಕುಳಲ್ಲಿ ಗಂಟು, ಮಾಣಿಕನಗರಕ್ಕೆ ಹೊರಟವಳು, ಬಂದು ಅದರ ಮೇಲೇ ಕುಳಿತಳು. ಟವೆಲಿನವನು ಒಳಗೆ ಬಂದ.

"ಏಯ್ ಆಯಿ, ಟವೆಲ್ ಹಾಕೀನಿ, ಕಾಣಿಸೂದಿಲ್ಲೇನು?"

"ಕಾಣಸ್ತದ ಯಪ್ಪಾ. ಮೆತ್ತಗದ."

"ಅದು ನನ್ನ ಸೀಟು!"

"ಟವೆಲ್ ನಿಂದು. ನಾ ಎಲ್ಲಿ ತಗದೀನಿ? ಇದ್ದಲ್ಲೇ ಅದ, ನೋಡು. ಮಾಣಿಕನಗರದಾಗ ಇಳೀತೀನಿ, ಒಯ್ಯಿ."

ಅವನು ಹಬೀಬನ ಮುಖ ನೋಡಿದ. ಹಬೀಬ್ ಟಿಕೆಟ್ ಹರಿದು ಮುದುಕಿಗೆ ಕೊಟ್ಟು "ರೈಟ್" ಎಂದ. ಟವೆಲಿನವನು ಮಾಣಿಕನಗರದವರೆಗೆ ನಿಂತೇ ಬಂದ.

ಇಂಥದ್ದನ್ನು ಹತ್ತೊಂಬತ್ತು ವರ್ಷ ಕನ್ನಡಿಯಲ್ಲಿ ನೋಡಿದ್ದೇನೆ. ಇಂದು ಮೊದಲ ಸಲ ಹಿಂದಿನಿಂದ ನೋಡಿದೆ.

ಅದೇ ದಿನ, ರಾತ್ರಿ ಊಟಕ್ಕೆ ಮೊದಲು

ಕುಳಿತೆ. ತಾಲೀಮಿನಲ್ಲಿ, ಪುಲ್ಲಿಯ ಸೀಟಿನ ಕೆಂಪು ಅಂಚಿನ ಟವೆಲ್ ಮೇಲೆ. ಕೈಯಿಂದ ಮುಟ್ಟಲಿಲ್ಲ. ಪಿನ್ನು ಐದು ಕಿಲೋಕ್ಕೆ ಹಾಕಿ ಎಳೆಯತೊಡಗಿದೆ. ನಲವತ್ತು ಮುಗಿದಾಗ ಅವನು ಚಹಾ ಮುಗಿಸಿ ಬಂದ.

"ಏಳ್ರಿ."

"ಇನ್ನ ಇಪ್ಪತ್ತದ."

"ನನ್ನ ಟವೆಲ್ ಮ್ಯಾಲ ಕೂತೀರಿ! ನಾಚಿಕಿ ಅದೇನು ನಿಮಗ?"

"ಇತ್ತು. ಮೊನ್ನಿ ನಿನಗ ಹೊದಿಸಿಬಿಟ್ಟೀನಿ."

ಮೂಲೆಯಲ್ಲಿ ಯಾರೋ ನಕ್ಕರು. ಈ ಸಲ ನಕ್ಕದ್ದು ಅವನನ್ನು ನೋಡಿ. ಉಸ್ತಾದರನ್ನು ಕೂಗಿದ. ಅವರು ಬಂದು ಬಗ್ಗಿ ನೋಡಿದರು — ನನ್ನ ಎರಡೂ ಬದಿಗೆ ಕೆಂಪು ಅಂಚು ಹಣಕಿಹಾಕುತ್ತಿತ್ತು.

"ಟವೆಲ್ ತಗದಾರೇನು?" ಎಂದರು.

"ಇಲ್ಲ. ಖರೆ ಉಸ್ತಾದ್..."

"ತಗದಿಲ್ಲ ಅಂದ್ರ ಖಾನೂನು ಮುರದಿಲ್ಲ. ಇಪ್ಪತ್ತ ಆಗೂತನಕ ತಡಿ."

ಅರವತ್ತು. ಆಗಸ್ಟಿನಿಂದ ಮೊದಲ ಸಲ.

22 ಸೆಪ್ಟೆಂಬರ್, ಬುಧವಾರ

ಯುದ್ಧ ನಡೆದಿದೆ. ಗುರುವಾರ ಸಂಜೀವಕುಮಾರ ಟವೆಲನ್ನು ನೀರಲ್ಲಿ ಅದ್ದಿ ಸೀಟಿಗೆ ಎಸೆದಿದ್ದ. ಕುಳಿತೆ. ಪ್ಯಾಂಟು ಒದ್ದೆಯಾಗಿ ಬಸ್ಸಿನಲ್ಲಿ ನಿಂತು ಬಂದೆ. ಶನಿವಾರ ಪಿನ್ನು ಮಾಯ. ಸೋಮವಾರವೂ ಇಲ್ಲ. ಡಿಪೊ ಮೆಕ್ಯಾನಿಕ್ ಜಲಾಲುದ್ದೀನ್ ಹಳೆಯ ಬೋಲ್ಟು ಸವೆಸಿ ಒಂದು ಪಿನ್ನು ಮಾಡಿಕೊಟ್ಟ. ಈಗ ನನ್ನ ಪಿನ್ನು ನನ್ನ ಜೇಬಿನಲ್ಲಿ. ಹೋಗುವಾಗ ತೆಗೆದುಕೊಂಡು ಹೋಗುತ್ತೇನೆ. ಬಚ್ಚಿಟ್ಟ ಪಿನ್ನು ಹೊರಗೆ ತೆಗೆಯದೆ ಅವನೂ ಎಳೆಯಲಾರ. ಇದು ಒಳ್ಳೆಯ ನಡತೆಯಲ್ಲ, ಗೊತ್ತು. ಅವನ ಪಿನ್ನು ಮರುದಿನವೇ ಜಾಗಕ್ಕೆ ಬಂತು.

28 ಸೆಪ್ಟೆಂಬರ್, ಮಂಗಳವಾರ

ನಾನು ಕುಳಿತಿದ್ದಾಗಲೇ ಅವನು ಟವೆಲ್ ಜಗ್ಗಿದ. ನಾನು ಏಳಲಿಲ್ಲ. ಟವೆಲ್ ನಡುವೆ ಹರಿಯಿತು. ಅರ್ಧ ಅವನ ಕೈಯಲ್ಲಿ, ಅರ್ಧ ನನ್ನ ಕೆಳಗೆ. ಹೊಡೆಯುತ್ತಾನೆ ಎಂದುಕೊಂಡೆ. ಹೊಡೆದಿದ್ದರೆ ನಾನೂ ಬಿಡುತ್ತಿರಲಿಲ್ಲ, ಬಲಗೈ ಚೆನ್ನಾಗಿಯೇ ಇದೆ. ಉಸ್ತಾದರು ಎರಡೂ ತುಂಡು ಕೇಳಿ ತೆಗೆದುಕೊಂಡರು.

"ಇನ್ನ ಮ್ಯಾಲ ಪುಲ್ಲಿ ಮ್ಯಾಲ ಟವೆಲ್ ಬ್ಯಾಡ. ಮನಷ್ಯಾ ಕೂತಿದ್ರ ಮನಷ್ಯಾಂದು."

ಆ ತುಂಡುಗಳಿಂದ ಈಗ ಸೀಟು ಒರೆಸುತ್ತಾರೆ.

11 ಅಕ್ಟೋಬರ್, ಸೋಮವಾರ

ಅವನು ಈಗ ಚಹಾ ಬಿಟ್ಟಿದ್ದಾನೆ. 5.30ಕ್ಕೇ ಬಂದು ಪುಲ್ಲಿ ಹತ್ತಿ ಕೂರುತ್ತಾನೆ, ನನಗೆ ಸಿಗಬಾರದೆಂದು. ನಾನು ಮುಂದೆ, ಒಂದು ಮೊಳ ದೂರದಲ್ಲಿ ನಿಲ್ಲುತ್ತೇನೆ. ಹನ್ನೆರಡು ಎಳೆದರೆ ಅವನ ತೋಳು ಸೋಲುತ್ತದೆ. ಅರವತ್ತು ಕಿಲೋ ಇಡುವ ಹಠ. ಉಸಿರಿಗೆಂದು ಎದ್ದರೆ ನಾನು ಕೂರುತ್ತೇನೆ. ನನ್ನ ಹನ್ನೆರಡು ಮುಗಿಯುವವರೆಗೆ ಅವನು ಅದೇ ಒಂದು ಮೊಳ ದೂರದಲ್ಲಿ. ಹೀಗೆ ಐದು ಸುತ್ತು. ಐದು ಹನ್ನೆರಡಲಿ ಅರವತ್ತು.

ಮಾತಿಲ್ಲ. ಅವನ ಬೆವರನ್ನು ನಾನು ಒರೆಸುವುದಿಲ್ಲ. ಅವನು ಒರೆಸುವವರೆಗೆ ಕೂರದೆ ಅವನ ಮುಖವನ್ನೇ ನೋಡುತ್ತೇನೆ. ಒರೆಸುತ್ತಾನೆ. ಪಿನ್ನನ್ನು ನಾನು ಅರವತ್ತಕ್ಕೆ ಹಾಕಿಟ್ಟು ಏಳಬೇಕು, ಅವನು ಐದಕ್ಕೆ ಹಾಕಿಟ್ಟು ಏಳಬೇಕು. ಹೀಗೆಂದು ಯಾರೂ ಹೇಳಿಲ್ಲ. ಒಂದು ಸಲ ಅವನು ಮರೆತ, ನಾನು ಬೈದೆ. ಇನ್ನೊಂದು ಸಲ ನಾನು ಮರೆತೆ, ಅವನು ತಾಯಿಗೆ ಬೈದ.

ಅವನ ಮುಖ ಕಂಡರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

16 ಅಕ್ಟೋಬರ್, ಶನಿವಾರ

ಅರವತ್ತು. ಕೈ ತಲೆಯ ಮೇಲೆ ಹೋಗುತ್ತದೆ. ಹಿಡಿದು ನಿಂತರೆ ಒಮ್ಮೆ ಎಂಟು, ಒಮ್ಮೆ ಹನ್ನೊಂದು. ಯಾವಾಗ ಎಂಟು, ಯಾವಾಗ ಹನ್ನೊಂದು — ನನಗೇ ಗೊತ್ತಾಗುವುದಿಲ್ಲ.

ಹೊರಡುವಾಗ ಸಂಜೀವಕುಮಾರ ಚಪ್ಪಲಿ ಹಾಕುತ್ತಾ, ನನ್ನ ಕಡೆ ನೋಡದೆ, "ಸೋಮವಾರ ಬೋರ್ಡಂತ. ಗೇಟಿಗೆ ಕೂತ್ರ ಹೇಳ್ರಿ, ಸ್ಟೂಲ್ ಕಳಸ್ತೀನಿ," ಎಂದ. ದಾರಿಯುದ್ದಕ್ಕೂ ಒಳ್ಳೊಳ್ಳೆಯ ಉತ್ತರಗಳು ಹೊಳೆದವು.

18 ಅಕ್ಟೋಬರ್, ಸೋಮವಾರ. ಬೀದರ, 11.20

ಬೋರ್ಡಿನ ಹೊರಗೆ ಬೆಂಚು. ನನಗಿಂತ ಮುಂಚೆ ಆರು ಜನ. ನಾಲ್ವರದು ಮುಗಿಯಿತು. ಒಬ್ಬ ಅಳುತ್ತಾ ಹೊರಗೆ ಬಂದ. ಬೆಳಿಗ್ಗೆಯಿಂದ ಕೈ ಎತ್ತಿ ನೋಡಿಲ್ಲ. ಬಲ ಉಳಿಸಬೇಕು. ಸುಮ್ಮನೆ ಕೂರಲಾಗದೆ ಬರೆಯುತ್ತಿದ್ದೇನೆ.

ಐದನೆಯವನು ಒಳಗೆ.

ಆರನೆಯವನು.

ಜವಾನ ಬಾಗಿಲಿಗೆ ಬಂದು "ದಿಗಂಬರ ಯಾರು?" ಎಂದು ಕೂಗಿದ. ಕೈ ಎತ್ತಿದೆ. "ಬರ್ರಿ, ಕೈ ಇಳಸ್ರಿ, ಕಂಡೀರಿ," ಎಂದ. ಬಲಗೈಯಲ್ಲಿ ಇನ್ನೂ ಪೆನ್ನು. ಎತ್ತಿದ್ದು