ಹೋಗಿ ಬರುವವರ ವ್ಯಾನು

ಹಿರಿಯೂರು
18-8-1974

ಪ್ರೀತಿಯ ತಂಗಿ ತಿಪ್ಪಮ್ಮನಿಗೆ, ಅಣ್ಣ ಪಾಲಯ್ಯ ಬರೆಯುವುದು.

ಹೊಳಲ್ಕೆರೆಯಿಂದ ನೀನು ಹಾಕಿದ ಎರಡು ಕಾಗದವೂ ಕೈಸೇರಿದವು. ಉತ್ತರ ತಡವಾಯಿತು, ಬೈಯಬೇಡ. ನಮ್ಮ ಆಸ್ಪತ್ರೆಯಲ್ಲಿ ಕಾಲರಾ ಬಂದವರು ತುಂಬಿಹೋಗಿದ್ದಾರೆ. ಮಂಚ ಮುಗಿದು ಚಾಪೆ ಹಾಸಿದೆವು, ಚಾಪೆ ಮುಗಿದು ಜಗಲಿಗೆ ಬಂದೆವು. ಸಲೈನ್ ಬಾಟ್ಲಿ ತೂಗುಹಾಕಲು ಕಿಟಕಿ ಸರಳೂ ಸಾಲದು. ಎದ್ದು ಕೂರುವಷ್ಟು ಸುಧಾರಿಸಿದವರನ್ನು ವ್ಯಾನಿನಲ್ಲಿ ದುರ್ಗದ ದೊಡ್ಡಾಸ್ಪತ್ರೆಗೆ ಕಳಿಸಿದರೆ ಮಾತ್ರ ಹೊಸಬರಿಗೆ ಜಾಗ. ಡಾಕ್ಟರು ಆ ಕೆಲಸವನ್ನು ಕಾಂಪೌಂಡರ್ ಆದ ನನಗೆ ವಹಿಸಿದರು.

ನಾನೋ, ವ್ಯಾನು ಬಂದ ಅವಸರದಲ್ಲಿ ಕೂಗಿದೆ: “ಹೋಗೋರೆಲ್ಲ ಈಚೆಗೆ ಬರ್ರಿ, ಇರೋರು ಒಳಗಿರ್ರಿ!”

ಕಾಲರಾ ವಾರ್ಡಿನಲ್ಲಿ ನಿಂತು ‘ಹೋಗೋರು’ ಅಂದರೆ ಯಾರು ಏಳುತ್ತಾರೆ? ಜವನಗೊಂಡನಹಳ್ಳಿ ಕಡೆಯ ಕುರಿಗಾಹಿ ಜುಂಜಯ್ಯನ ಹೆಂಡತಿ ಕೆಂಚಕ್ಕ ಗಂಡನ ಮಂಚಕ್ಕೆ ಅಡ್ಡ ನಿಂತಳು.

“ಲೇ ಪಾಲಯ್ಯ, ಯಾರೋ ಹೋಗೋರು? ನನ್ನ ಗಂಡ ಇರೋನು ಕಣೋ! ಬೇಕಾದ್ರೆ ನೀನೇ ಹೋಗು!”

“ಹೋಗಿ ಬರೋರು ಕಣಕ್ಕ!” ಎಂದು ತಿದ್ದಿಕೊಂಡರೂ ಯಾರೂ ಕದಲಲಿಲ್ಲ.

ಆಗ ಎದ್ದವಳು ನಮ್ಮವ್ವ. ಅವಳಿಗೂ ಕಾಲರಾ ಬಂದು ಇಳಿದಿತ್ತು. ನೀನು ಗಾಬರಿಯಾಗುವೆ ಎಂದು ಬರೆದಿರಲಿಲ್ಲ. “ನನ್ನ ಹತ್ಸಪ್ಪ. ದುರ್ಗ ನೋಡಿ ಭಾಳ ದಿನ ಆತು,” ಎಂದು ಮೊದಲು ಹತ್ತಿ, ಕಿಟಕಿ ಪಕ್ಕ ಕೂತು, “ಎಲೆ ಅಡಿಕೆ ಐತೇನ್ರೋ ಯಾರ್ತಾವಾದ್ರೂ?” ಎಂದಳು. ನಕ್ಕು ನಕ್ಕು ಉಳಿದವರೂ ಹತ್ತಿದರು. ಕೆಂಚಕ್ಕ ಮಾತ್ರ, “ನಿಮ್ಮವ್ವ ಅಲ್ಲಿ ಚೆಂದಾಗವಳೆ ಅಂತ ತಿಳೀಲಿ, ಆಮ್ಯಾಕೆ ನಮ್ಮೋನು,” ಎಂದಳು.

ಅಂದಿನಿಂದ ವ್ಯಾನು ದಿನವೂ ತುಂಬಿಕೊಂಡು ಹೋಗುತ್ತಿದೆ. ಹೊಸದುರ್ಗದಲ್ಲೂ ಜಾಗ ಕೇಳಿದ್ದೇವೆ. ಬಂದವರನ್ನು ಬಾಗಿಲಿಂದ ಹಿಂದೆ ಕಳಿಸಬಾರದು, ಇದು ನನ್ನ ಹಟ. ನೀನು ನೀರು ಕಾಯಿಸಿಯೇ ಕುಡಿ, ಮಕ್ಕಳಿಗೂ ಕುಡಿಸು. ನಿನ್ನ ಮನೆ ತಣ್ಣಗಿರಲಿ.

ನಿನ್ನ ಅಣ್ಣ,
ಪಾಲಯ್ಯ

ಮರೆತ ಮಾತಲ್ಲ, ಬರೆಯಲು ಕೈ ಬಾರದೆ ಉಳಿಸಿಕೊಂಡದ್ದು: ದುರ್ಗದಲ್ಲಿ ಅವ್ವನಿಗೆ ಭೇದಿ ಮರುಕಳಿಸಿತು. ಸೋಮವಾರ ತೀರಿಕೊಂಡಳು. ಸಲೈನ್ ತರುತ್ತೇನೆಂದು ಇಲ್ಲಿ ಹೇಳಿ ಹೋಗಿ, ಮಣ್ಣು ಮಾಡಿ, ಬಾಟ್ಲಿ ಪೆಟ್ಟಿಗೆ ಹೊತ್ತೇ ಬಂದೆ. ವ್ಯಾನು ಓಡಿಸುವ ಕಾಟಪ್ಪನೊಬ್ಬನಿಗೆ ಗೊತ್ತು. ಸುದ್ದಿ ಹಬ್ಬಿದರೆ ಯಾರೂ ವ್ಯಾನು ಹತ್ತುವುದಿಲ್ಲ. ಅದಕ್ಕೇ ತಲೆ ಬೋಳಿಸಿಲ್ಲ. ಮುಖ ನೋಡಲು ನಿನ್ನನ್ನೂ ಕರೆಸಲಿಲ್ಲ. ಈಗಲೇ ಬರಬೇಡ ತಿಪ್ಪಮ್ಮ, ನೀನು ಅತ್ತರೆ ನಾನೂ ಅಳುತ್ತೇನೆ.

ಇವತ್ತು ಬೆಳಿಗ್ಗೆ ಕೆಂಚಕ್ಕ ಕೇಳಿದಳು, “ನಿಮ್ಮವ್ವ ಹೆಂಗವಳೋ?”

“ಗಂಜಿ ಕುಡೀತಾವಳೆ ಕಣಕ್ಕ,” ಅಂದೆ.

ಗಂಡನನ್ನು ತಾನೇ ಆತು ಹಿಡಿದು ವ್ಯಾನಿನಲ್ಲಿ ಕೂರಿಸಿದಳು. ಆ ಮಂಚಕ್ಕೆ ಈಗ ಒಬ್ಬ ಬಾಣಂತಿ ಬಂದಿದ್ದಾಳೆ. ಬಾಟ್ಲಿ ಹಾಕಬೇಕು, ಕರೆಯುತ್ತಿದ್ದಾರೆ.